ಬ್ರೊಕೊಲಿಯ ಬ್ರಾಹ್ಮೀ ಮುಹೂರ್ತ

ಬ್ರೊಕೊಲಿಯನ್ನು ಬೆಳಿಗ್ಗೆ ಕೊಯ್ಯಬೇಕೋ ಸಂಜೆ ಕೊಯ್ಯಬೇಕೋ ಎಂಬ ಪ್ರಶ್ನೆಗೂ ಲೋಕಕಲ್ಯಾಣಕ್ಕೂ ಹೆಚ್ಚಿನ ಸಂಬಂಧವಿಲ್ಲ. ಆದರೆ ಹೊನ್ನಾವರದ ನಮ್ಮ ಮನೆಯಲ್ಲಿ ಕಳೆದ ಚಳಿಗಾಲವಿಡೀ ಇದಕ್ಕಿಂತ ಗಹನವಾದ ವಿಷಯ ಚರ್ಚೆಗೆ ಬರಲೇ ಇಲ್ಲ. ಹಿತ್ತಿಲಲ್ಲಿ ಹರಿವೆ, ಬಸಳೆ ಬೆಳೆದುಕೊಂಡು ಸುಖವಾಗಿದ್ದ ನನ್ನ ಹೆಂಡತಿ ಸುಮಂಗಲೆ ಎಲ್ಲಿಂದಲೋ ಬೀಜ ತರಿಸಿ, ಈ ಕಡಲಂಚಿನ ಸೆಕೆಯಲ್ಲೂ ಹೂಕೋಸಿನ ಹಸಿರು ದಾಯಾದಿಯನ್ನು ಬೆಳೆಸಿಯೇಬಿಟ್ಟಿದ್ದಳು.

"ಬೆಳಗಿನ ತಂಪಲ್ಲೇ ಕೊಯ್ಯೂದು. ಬಿಸಿಲು ಬಿದ್ದಮೇಲೆ ಕೊಯ್ದ್ರೆ ಬಾಡ್ತದೆ" ಎಂಬುದು ಅವಳ ಸಿದ್ಧಾಂತ. ಹಗಲೆಲ್ಲ ಸೂರ್ಯರಸ ಹೀರಿದ ತರಕಾರಿ ಸಂಜೆಗೇ ಪರಿಪಕ್ವವಾಗುತ್ತದೆ ಎಂಬುದು ನನ್ನದು. ಸೂರ್ಯವಂಶದವನಾದ ನಾನು ಎದ್ದು ಹಲ್ಲುಜ್ಜುವ ಹೊತ್ತಿಗೆ ಊರಿನ ಮೀನುಪೇಟೆಯೇ ಮುಗಿದಿರುತ್ತದೆ. ನನ್ನ ಸಿದ್ಧಾಂತದ ಬೇರು ಇರುವುದು ಅಲ್ಲಿ.

ಗೆಡ್ಡೆಯಂತೆ ಬಿಗಿದ ಮೊದಲ ಮೊಗ್ಗುಗೊಂಚಲು ಕೊಯ್ಲಿಗೆ ಬಂದಾಗಲೇ ಸುಮಂಗಲೆ ಭಟ್ಕಳದ ಹತ್ತಿರದ ಬೆಳಕೆಗೆ ಹೊರಟಳು. ಅಲ್ಲಿ ದೋಣಿ ನಡೆಸುತ್ತಿದ್ದ ನನ್ನ ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಮನೆ ಬಿಟ್ಟು ಹೊರಗೆ ಬಂದವರೇ ಅಲ್ಲ. ಅವರನ್ನು ಹೇಗಾದರೂ ಕರೆತರುವೆನೆಂದು ಹೋದವಳು, "ನಾಳೆ ಎದ್ದ ಕೂಡ್ಲೆ ಕೊಯ್ದಿಡಿ" ಎಂದು ನನಗೆ ಆಜ್ಞಾಪಿಸಿದಳು. ನಾನು ಎದ್ದಾಗ ಬಿಸಿಲೇರಿತ್ತು. ಸಂಜೆ ಕೊಯ್ಯೋಣವೆಂದುಕೊಂಡೆ, ಸಂಜೆ ಮುಟ್ಟಿದರೆ ಅದು ಜ್ವರ ಬಂದವರ ಹಣೆಯಂತೆ ಬೆಚ್ಚಗಿತ್ತು. ಸೋಲೊಪ್ಪಲಾರದೆ ನಾಳೆಗೆ ತಳ್ಳಿದೆ. ಮರುದಿನವೂ ಅದೇ ಕಥೆ. ಅವರಿಬ್ಬರೂ ಬಂದಿಳಿಯುವಷ್ಟರಲ್ಲಿ ಬ್ರೊಕೊಲಿ ಮೈತುಂಬ ಹಳದಿ ಹೂ ಬಿಟ್ಟು ಹಿತ್ತಿಲಲ್ಲಿ ನಗುತ್ತಿತ್ತು.

"ಎಂತ ಮಾಡಿಟ್ರಿ ಮಾರಾಯ್ರೆ! ಎಲ್ಲಾ ಹೂವಾಗಿ ಹೋತು" ಎಂದು ಸುಮಂಗಲೆ ಸೊಂಟದ ಮೇಲೆ ಕೈಯಿಟ್ಟಳು. ನಾನು ದ್ಯುತಿಸಂಶ್ಲೇಷಣೆಯ ಕುರಿತು ಏನೋ ತೊದಲಿದೆ.

ಅತ್ತಿಗೆ ಗಿಡದ ಹತ್ತಿರ ಹೋದರು. ಅಬ್ಬಲಿಗೆಯ ದಂಡೆಯಿಲ್ಲದೆ ಹೊಸ್ತಿಲು ದಾಟದಿದ್ದ ಅವರು ಅಣ್ಣ ಹೋದ ದಿನದಿಂದ ಹೂ ಮುಡಿದಿರಲಿಲ್ಲ. ಮುಡಿಯಿರೆಂದು ಹೇಳಲು ನಮಗೂ ನಾಲಿಗೆ ಬಂದಿರಲಿಲ್ಲ. ಅವರು ಗಿಡದ ಮುಂದೆ ಕೂತು ಒಂದು ಗೊಂಚಲು ಮುರಿದು ಮೂಸಿದರು.

"ಇದು ತರಕಾರಿ, ಅಲ್ದನೆ ಸುಮಂಗಲಾ?"

"ತರಕಾರಿಯೇ ಅಕ್ಕಾ."

"ತರಕಾರಿ ಮುಡೀಬಾರ್ದು ಅಂತ ಯಾರೂ ಹೇಳಿದ್ದಿಲ್ಲ." ಹಾಗೆಂದು ಆ ಹಳದಿ ಗೊಂಚಲನ್ನು ತುರುಬಿಗೆ ಸಿಕ್ಕಿಸಿಕೊಂಡರು.

ಆಮೇಲೆ ಸುಮಂಗಲೆ ತನ್ನ ತಲೆಯ ಪಿನ್ನು ಕಿತ್ತು, ಅವರ ಹಿಂದೆ ನಿಂತು ಹೂವನ್ನು ಭದ್ರಪಡಿಸಿದಳು. ನನಗೆ ಅಡುಗೆಮನೆಯಲ್ಲಿ ತುರ್ತು ಕೆಲಸವೊಂದು ನೆನಪಾಗಿ ಒಳಗೆ ಹೋಗಿ, ಕಣ್ಣೊರೆಸಿಕೊಂಡು ಬಂದೆ.

ಅತ್ತಿಗೆ ಇದ್ದಷ್ಟು ದಿನವೂ ಬೆಳಿಗ್ಗೆ ಬೆಳಿಗ್ಗೆ ಹಿತ್ತಿಲಿಗಿಳಿದು ಮುಡಿಯಲು ಒಂದೊಂದು ಗೊಂಚಲು ಕೊಯ್ದರು. ಕೊನೆಯ ದಿನ ನಾನೂ ಅವರೊಂದಿಗೆ ಇಬ್ಬನಿ ತುಳಿದೆ. ಮುಂಜಾವಿನಲ್ಲಿ ಆ ಹೂ ನಿಜಕ್ಕೂ ತಂಪಾಗಿ, ಗಟ್ಟಿಯಾಗಿತ್ತು. ಸಿದ್ಧಾಂತವನ್ನು ಸದ್ದಿಲ್ಲದೆ ಹಿಂತೆಗೆದುಕೊಂಡೆ.

ಅತ್ತಿಗೆಯನ್ನು ಭಟ್ಕಳದ ಬಸ್ಸು ಹತ್ತಿಸಲು ಹೋದಾಗ ಕಿಟಕಿಯಲ್ಲಿ ಅವರ ಪಕ್ಕ ಕೂತ ಹೆಂಗಸು ಬಗ್ಗಿ ನೋಡಿ ಕೇಳಿದಳು: "ಇದೆಂತದು ಅಕ್ಕಾ, ಚಂದ ಇದೆ?"

ಅತ್ತಿಗೆ ತುರುಬು ಮುಟ್ಟಿ ನೋಡಿಕೊಂಡರು.

"ಹೂವು" ಎಂದರು.