ಯಾರೂ ಹೊಡೆಯದ ಹೊಡೆದಾಟ

2008ರಲ್ಲಿ ನಾನು ಮೆಲ್ಬರ್ನ್‌ನ ಒಂದು ಗೇಮ್ ಸ್ಟುಡಿಯೋದಲ್ಲಿ ಟೆಸ್ಟ್ ಲೀಡ್, ಅಂದರೆ ಗೇಮಿನ ತಪ್ಪು ಹುಡುಕುವ ತಂಡದ ಮುಖ್ಯಸ್ಥೆ ಆಗಿದ್ದೆ. ಗೇಮ್ ಆಡಿ ಸಂಬಳ ತಗೊಳ್ತೀಯಾ ಎಂದು ನೆಂಟರು ನಗುತ್ತಿದ್ದರು. ಒಂದೇ ಗೋಡೆಗೆ ದಿನವಿಡೀ ಡಿಕ್ಕಿ ಹೊಡೆದು, ಹೀರೋ ಎಲ್ಲಿ ತೂರಿಹೋಗುತ್ತಾನೆ ಎಂದು ನೋಡುವುದು ಆಟವಾದರೆ, ಹೌದು, ಆಡುತ್ತಿದ್ದೆ.

ನಮ್ಮದು ಓಪನ್ ವರ್ಲ್ಡ್ ಗೇಮ್. ಇಡೀ ಒಂದು ಊರು. ಆಡುವವನು ಯಾವ ಬೀದಿಗೆ ಬೇಕಾದರೂ ನುಗ್ಗಬಹುದು. ಬಂದೂಕಿಲ್ಲ, ಎಲ್ಲ ಮೆಲೀ ಕಾಂಬ್ಯಾಟ್, ಅಂದರೆ ಕತ್ತಿ, ದೊಣ್ಣೆ, ಮುಷ್ಟಿಯ ಹೊಡೆದಾಟ. ಅದನ್ನು ಕಟ್ಟಿದವನು ಹುಬ್ಬಳ್ಳಿಯ ಮಂಜುನಾಥ. ಓದಲು ಬಂದು, ಇಲ್ಲೇ ಕೆಲಸ ಹಿಡಿದು, ಸ್ಟುಡಿಯೋ ಕೊಡಿಸಿದ ವೀಸಾದ ಮೇಲೆ ಇದ್ದ. ಕೆಲಸ ಹೋದರೆ ವೀಸಾನೂ ಹೋದ ಹಾಗೆ. ಹಣ ಹಾಕುತ್ತಿದ್ದ ಸಿಡ್ನಿಯ ಪಬ್ಲಿಷರ್ ನಮ್ಮ ಡೆಮೊ ಒಪ್ಪಿದರೆ ಅವನ ಪಿಆರ್‌ಗೆ, ಅಂದರೆ ಕಾಯಂ ವಾಸದ ಅರ್ಜಿಗೆ ಸಹಿ ಹಾಕುತ್ತೇನೆ ಎಂದು ಬಾಸ್ ಹೇಳಿದ್ದರು. ಮಂಜುವಿನ ಹೆಂಡತಿ ಗೀತಾ ಆಗ ಬಸುರಿ. ಕ್ರೇಗಿಬರ್ನ್‌ನ ಬಾಡಿಗೆ ಮನೆಗೆ ಆಗಲೇ ತೊಟ್ಟಿಲು ಬಂದು ಕೂತಿತ್ತು.

ಇಂಥ ಹೊಡೆದಾಟಕ್ಕೆ ಒಂದು ಹಳೇ ತೊಂದರೆ ಇದೆ. ಏಳು ಜನ ಒಟ್ಟಿಗೆ ಮೇಲೆ ಬಿದ್ದರೆ ಆಡುವವನು ಕಣ್ಣು ಮಿಟುಕಿಸುವಷ್ಟರಲ್ಲಿ ಸಾಯುತ್ತಾನೆ. ಅದಕ್ಕೇ ಮಂಜು ಟೋಕನ್ ಇಟ್ಟಿದ್ದ. ಟೋಕನ್ ಇರುವವನೊಬ್ಬನೇ ಹೊಡೆಯಬೇಕು, ಹೊಡೆದ ಮೇಲೆ ಮುಂದಿನವನಿಗೆ ದಾಟಿಸಬೇಕು. ಉಳಿದವರು ಸುತ್ತ ನಿಂತು ಗುರುಗುಟ್ಟಬೇಕು. ಗೇಮಿನೊಳಗೆ ಡೆಮೊಗೆಂದೇ ಇದ್ದ ಸಮತಟ್ಟಾದ ಅಂಗಳದಲ್ಲಿ ನೋಡಲು ಚೆಂದ. ಸ್ಟುಡಿಯೋದಲ್ಲಿ ಎಲ್ಲರೂ ಆಡಿ ನೋಡುತ್ತಿದ್ದುದೂ ಆ ಅಂಗಳದಲ್ಲೇ.

ಬೀದಿಗಿಳಿದರೆ ಬಣ್ಣ ಬಯಲು. ಮೆಟ್ಟಿಲ ಮೇಲಿಂದ ಬೀಸಿದ ಕತ್ತಿ ಕೆಳಗಿನವನ ತಲೆಯ ಮೇಲೆ ಗಾಳಿಯಲ್ಲಿ ಹೋಗುತ್ತಿತ್ತು. ಗೋಡೆ ಹತ್ತಿರವಾದರೆ ಕ್ಯಾಮೆರಾ ಹೀರೋನ ಬೆನ್ನಿಗೆ ಅಂಟಿಕೊಂಡು, ಯಾರು ಹೊಡೆದರೆಂದೇ ತಿಳಿಯುತ್ತಿರಲಿಲ್ಲ. ನಾನು ಬರೆದು ಕಳಿಸಿದ ಬಗ್‌ಗಳೆಲ್ಲ ಒಂದೇ ಉತ್ತರ ಹೊತ್ತು ವಾಪಸ್ ಬರುತ್ತಿದ್ದವು: ಡೆಮೊದಲ್ಲಿ ತೋರಿಸುವ ದಾರಿಯಲ್ಲಿಲ್ಲ, ಆಮೇಲೆ ನೋಡೋಣ.

ಬೀದಿಯನ್ನು ಯಾಕೆ ಸರಿ ಮಾಡುತ್ತಿಲ್ಲ ಎಂದು ಮಂಜುವನ್ನೇ ಕೇಳಿದೆ.

"ನಂಗೂ ಗೊತ್ತೈತಿ ಅಕ್ಕಾ," ಎಂದ. "ಬಾಸ್ ಅಂಗಳಾನ ಚೆಂದ ಮಾಡು ಅಂತಾನ. ಅಂಗಳಾನ ಮಾಡಾಕತ್ತೀನಿ."

ಡೆಮೊ ಆಡುವುದು ಯಾವಾಗಲೂ ಟೆಸ್ಟರ್ ಕೆಲಸ. ಎಲ್ಲಿ ಕಾಲಿಡಬಾರದೆಂದು ನಮಗಷ್ಟೇ ಗೊತ್ತಿರುತ್ತದೆ. ಬಾಸ್, ಮಂಜು, ನಾನು ಸಿಡ್ನಿಗೆ ಹೋದೆವು. ಅಂಗಳದ ಕಾಳಗ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಯಿತು. ಪಬ್ಲಿಷರ್ ಕಡೆಯ ಪ್ರೊಡ್ಯೂಸರ್, ಮೆತ್ತಗಿನ ದನಿಯ ಹೆಂಗಸು, ಕೈ ಚಾಚಿ ಕಂಟ್ರೋಲರ್ ಕೇಳಿದಳು. ಕೊಡದೆ ಇರಲಾಗುತ್ತದೆಯೇ? ಅಂಗಳ ದಾಟಿ ನೇರ ತರಕಾರಿ ಮಾರುಕಟ್ಟೆಗೆ ನಡೆದಳು. ಓಪನ್ ವರ್ಲ್ಡ್ ಎಂದು ಕರೆದ ಮೇಲೆ ಜನ ಹೋಗಿಯೇ ಹೋಗುತ್ತಾರೆ.

ಏಳು ಜನ ಚೂರಿ ಹಿಡಿದು ಸುತ್ತುವರಿದರು. ಟೋಕನ್ ಇದ್ದವನು ಒಂದು ಗಾಡಿಯ ಹಿಂದೆ ಸಿಕ್ಕಿಕೊಂಡು ನಿಂತಲ್ಲೇ ಓಡುತ್ತಿದ್ದ. ಅವನು ಹೊಡೆಯದೆ ಟೋಕನ್ ದಾಟದು. ಉಳಿದ ಆರು ಜನ ಬಸ್ಸಿಗೆ ಕಾಯುವವರ ಹಾಗೆ ಅಲ್ಲಾಡುತ್ತ ನಿಂತರು. ಅವಳು ಒಮ್ಮೆ ಬೀಸಿದಳು. ಇಳಿಜಾರು, ಕತ್ತಿ ತಾಗಲಿಲ್ಲ. ಕಂಟ್ರೋಲರ್ ಅನ್ನು ಮೇಜಿನ ಮೇಲಿಟ್ಟು, ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದಳು. ಹೀರೋ ಇನ್ನೂ ಬದುಕಿದ್ದ.

ಇವರೆಲ್ಲ ಏನಕ್ಕೆ ಕಾಯುತ್ತಿದ್ದಾರೆ ಎಂದು ಕೇಳಿದಳು, ಅಷ್ಟೇ. ಬಾಸ್ ಮಂಜುವಿನ ಮುಖ ನೋಡಿದರು.

ಸಿಡ್ನಿ ಏರ್‌ಪೋರ್ಟಿನಲ್ಲಿ ಗೀತಾಳ ಫೋನ್ ಬಂತು. ಮಂಜು "ಛಲೋ ಆತು" ಎಂದು ಇಟ್ಟುಬಿಟ್ಟ. ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ಮನೀಗೆ ಹೋಗಿ ಹೇಳ್ತೀನಿ ಅಕ್ಕಾ. ಮೊದ್ಲ ಆಕಿ ಉಣ್ಣಲಿ."

ಪಬ್ಲಿಷರ್ ಕಾಂಟ್ರ್ಯಾಕ್ಟ್ ರದ್ದು ಮಾಡಿತು, ಸ್ಟುಡಿಯೋ ಮುಚ್ಚಿತು. ನನಗೆ ಪಿಆರ್ ಇತ್ತು, ಒಂದು ಬ್ಯಾಂಕಿನಲ್ಲಿ ಟೆಸ್ಟಿಂಗ್ ಕೆಲಸ ಹಿಡಿದೆ. ಮಂಜುವಿಗೆ ವೀಸಾ ಅಷ್ಟು ಪುರಸೊತ್ತು ಕೊಡಲಿಲ್ಲ. ತೊಟ್ಟಿಲನ್ನು ಪಕ್ಕದ ಮನೆಯವರಿಗೆ ಕೊಟ್ಟರು.

ಊರಿಗೆ ಹೊರಟವರನ್ನು ಬೀಳ್ಕೊಡಲು ಸ್ಟುಡಿಯೋದವರು ಏಳೆಂಟು ಜನ ಮೆಲ್ಬರ್ನ್ ಏರ್‌ಪೋರ್ಟಿಗೆ ಹೋಗಿದ್ದೆವು. ಗಂಡ ಹೆಂಡತಿಯ ಸುತ್ತ ನಿಂತೆವು. ಬೇರೆಯವರು ಮೊದಲು ಮಾತಾಡಲಿ ಎಂದು ಒಬ್ಬೊಬ್ಬರೂ ಕಾದೆವು. ಮಂಜು ಎಲ್ಲರನ್ನೂ ಒಂದು ಸುತ್ತು ನೋಡಿ, ಕನ್ನಡದಲ್ಲಿ ನನಗೊಬ್ಬಳಿಗೇ ಕೇಳಿದ:

"ಟೋಕನ್ ಯಾರ ಕಡೆ ಐತಿ ಅಕ್ಕಾ?"

ನನಗೆ ನಗಲಿಕ್ಕಾಗಲಿಲ್ಲ.

ಈಗಲೂ ಹೊಸ ಸಾಫ್ಟ್‌ವೇರ್ ಕೈಗೆ ಬಂದರೆ ನಾನು ಮೊದಲು ಯಾರೂ ತೋರಿಸದ ಬೀದಿಗೆ ಇಳಿಯುತ್ತೇನೆ. ಅದು ಡೆಮೊ ದಾರಿಯಲ್ಲಿಲ್ಲವಲ್ಲ ಎಂದು ಟೀಮಿನವರು ಗೊಣಗುತ್ತಾರೆ. ಅಂಗಳ ಆಮೇಲೆ ನೋಡೋಣ ಎನ್ನುತ್ತೇನೆ.