ಬದುವಿನ ಮೇಲೆ ಚೌಡವ್ವನ ಪಾಳಿ

ಬೆಳಗಿನ ಆರೂಕಾಲು ಗಂಟೆ. ದಾವಣಗೆರೆಯ ಅಂಚಿನ ಆವರಗೆರೆಯಲ್ಲಿ, ಸೈಟುಗಳ ಕಲ್ಲು ನೆಟ್ಟ ಬಯಲು ಮುಗಿದು ಗದ್ದೆ ಶುರುವಾಗುವ ಕಡೆ ರೌಫ್‌ನ ಲಗೇಜ್ ಆಟೊ ನಿಲ್ಲುತ್ತದೆ. ಹರಿಹರ ತಾಲ್ಲೂಕಿನ ಕೊಕ್ಕನೂರಿನಿಂದ ಚಳಿಯಲ್ಲಿ ಒಬ್ಬರಿಗೊಬ್ಬರು ಒತ್ತಿ ಕೂತು ಬಂದ ಹದಿನಾಲ್ಕು ಹೆಂಗಸರು ಇಳಿಯುತ್ತಾರೆ. ಹದಿಮೂರು ಜನ ಸೀರೆ ಎತ್ತಿ ಸಿಕ್ಕಿಸಿಕೊಂಡು ಭತ್ತದ ನಾಟಿಗೆಂದು ಕೆಸರಿಗೆ ಕಾಲಿಡುತ್ತಾರೆ. ತಂಡದ ಮುಂದಾಳು ಚೌಡವ್ವ ಮಾತ್ರ ಬದುವಿನ ಮೇಲೆ ಗೋಣಿಚೀಲ ಹಾಸಿ ಕೂರುತ್ತಾರೆ. ಕೂತರೂ ಅವರ ಬಲಗೈ ಸುಮ್ಮನಿಲ್ಲ; ಇಲ್ಲದ ಸಸಿಯನ್ನು ಗಾಳಿಯಲ್ಲೇ ಊರುತ್ತಿದೆ.

ಗದ್ದೆಯ ಮಾಲೀಕ ರೇವಣ್ಣನಿಗೆ ಗಾಬರಿ. "ಏನ್ರೀ ಚೌಡವ್ವ, ನೀವೇ ಕೂತ್ರೆ ಹೆಂಗೆ?"

"ಇವತ್ತು ನನ್ನ ಪಾಳಿ ಐತೆ ಗೌಡ್ರೆ."

"ಹೋದ ಸಲ ಆಗಿದ್ದು ನೆನಪೈತಲ್ಲ? ಇನ್ನೊಂದು ಸಲ ಸಸಿ ತೇಲಿದ್ರೆ ನಾನು ನಾಟಿ ಮಷೀನ್ ತರಿಸೋನೇ."

ಚೌಡವ್ವ ಒಲೆಗೆ ಮೂರು ಕಲ್ಲು ಹುಡುಕುತ್ತಾರೆ.

ಈ ಪಾಳಿ ಅವರೇ ಹನ್ನೊಂದು ವರ್ಷದ ಹಿಂದೆ ಮಾಡಿದ ಕಟ್ಟಳೆ. ಹದಿನಾಲ್ಕು ಜನರಲ್ಲಿ ದಿನಕ್ಕೊಬ್ಬರು ಸಸಿ ಮುಟ್ಟುವಂತಿಲ್ಲ. ಬದುವಿನ ಮೇಲೆ ಕೂತು ಚಹಾ ಕಾಸಬೇಕು, ಹಾಡು ಎತ್ತಿಕೊಡಬೇಕು, ಬಾಯಿಗೆ ಬಂದ ಹರಟೆ ಹೊಡೆಯಬೇಕು. ಕೂಲಿಯಲ್ಲಿ ಪಾಲು ಎಲ್ಲರಷ್ಟೇ. ಮೈ ಹುಷಾರಿಲ್ಲದವರಿಗೆ ಕೊಡುವ ರಜೆಯಲ್ಲ ಇದು, ಕಲ್ಲುಗುಂಡಿನ ಹಾಗಿದ್ದವರೂ ಕೂರಲೇಬೇಕು. "ಸುಸ್ತಾದ ಮ್ಯಾಲೆ ಕೂತ್ರೆ ಏನ್ ಬಂತು? ಸುಸ್ತಾಗೋಕೆ ಮುಂಚೆ ಕೂಡ್ಬೇಕ್ರಿ" ಎನ್ನುತ್ತಾರೆ ಚೌಡವ್ವ. ದೊಡ್ಡ ದೊಡ್ಡ ಕಂಪನಿಯವರಿಗೂ ಹೊಳೆಯದ ಮಾತನ್ನು ಈ ತಾಯಿ ಒಲೆ ಊದುತ್ತಾ ಹೇಳುವುದನ್ನು ಕೇಳಿದರೆ ಯಾರಿಗಾದರೂ ಬೆರಗಾಗುತ್ತದೆ.

ಹತ್ತೊಂಬತ್ತರ ಪ್ರಾಯದಲ್ಲಿ ಕೆಸರಿಗೆ ಇಳಿದವರಿಗೆ ಈಗ ನಲವತ್ತಾರು. ಭದ್ರಾ ನಾಲೆಗೆ ನೀರು ಬಂತೆಂದರೆ ತಂಡಕ್ಕೆ ಐವತ್ತು ದಿನ ಬಿಡುವಿಲ್ಲ. ದಿನಕ್ಕೆ ಒಂದೂವರೆ ಎಕರೆ. ಒಬ್ಬೊಬ್ಬರ ಕೈ ಎಂಟು ಸಾವಿರ ಸಲವಾದರೂ ಕೆಸರಿಗೆ ಇಳಿದು ಮೇಲೆ ಬರುತ್ತದೆ. ಸಾಲಿನ ತುದಿಯಲ್ಲಿ ನಿಂತವರ ಕೈ ಎಷ್ಟು ಚುರುಕೋ ಇಡೀ ಸಾಲು ಅಷ್ಟೇ ಚುರುಕು. ಆ ತುದಿ ಇಷ್ಟು ವರ್ಷವೂ ಚೌಡವ್ವನದೇ.

ಎಲ್ಲರನ್ನೂ ಗದರಿಸಿ ಕೂರಿಸುತ್ತಿದ್ದ ಅವರು ತಮ್ಮ ಪಾಳಿ ಬಂದಾಗ ಮಾತ್ರ "ನಂಗೇನಾಗೈತೆ ಬಿಡ್ರೇ" ಎಂದು ಬೇರೆ ಯಾರಿಗಾದರೂ ಬಿಟ್ಟುಕೊಡುತ್ತಿದ್ದರು. ಒಂದು ವರ್ಷವಲ್ಲ, ಹನ್ನೊಂದೂ ವರ್ಷ. ಹೋದ ಮಳೆಗಾಲದಲ್ಲಿ ಅದರ ಫಲ ಕಂಡಿತು. ನಲವತ್ತನೆಯ ದಿನ ಇದೇ ರೇವಣ್ಣನ ಗದ್ದೆ. ಚೌಡವ್ವನಿಗೆ ಮೈಯೆಲ್ಲ ದಣಿವು, ಮನಸ್ಸೆಲ್ಲ ಸಿಡುಕು. ಬೇಗ ಮುಗಿದರೆ ಸಾಕೆಂದು ಕೈ ಓಡಿತು, ಹೆಬ್ಬೆರಳು ಆಳಕ್ಕೆ ಇಳಿಯಲಿಲ್ಲ. ತುದಿಯ ಓಟಕ್ಕೆ ಇಡೀ ಸಾಲು ಓಡಿತು. ಮರುದಿನ ನೀರು ಬಿಟ್ಟಾಗ ಒಂದು ಎಕರೆಯ ಸಸಿ ತೇಲಿಕೊಂಡು ಬಂದು ಗದ್ದೆಯ ಮೂಲೆಯಲ್ಲಿ ಗುಡ್ಡೆ ಬಿತ್ತು. ತಂಡ ಕೂಲಿಯಿಲ್ಲದೆ ಮತ್ತೆ ನೆಟ್ಟುಕೊಟ್ಟಿತು.

"ಒಬ್ರೂ ನನ್ನ ಬೈಲಿಲ್ರೀ. ಅದೇ ತಡಕೊಳ್ಳೋಕಾಗ್ಲಿಲ್ಲ" ಎನ್ನುವಾಗ ಅವರ ದನಿ ಇಳಿಯುತ್ತದೆ. ಆಮೇಲೆ ಅವರ ಬಾಯಲ್ಲಿ ಹಾಡು ಏಳಲಿಲ್ಲ. ಗದ್ದೆ ಕಂಡರೇ ಬೇಸರ. ಈ ಬೇಸಿಗೆ ಬೆಳೆಗೆ ನಾನು ಬರೋದೇ ಇಲ್ಲ ಎಂದು ಕೂತಿದ್ದರು. ಆಗ ತಂಡದಲ್ಲೇ ಹಿರಿಯಳಾದ ಮಾರೆಮ್ಮ ಮನೆಯ ಬಾಗಿಲಿಗೆ ಬಂದು ನಿಂತಳು. "ನಮಗೆಲ್ಲ ಕಟ್ಟಳೆ ಹಾಕ್ದಾಕೆ ನೀನು, ಮುರ್ದಾಕೇನೂ ನೀನೇ. ನಿನ್ನ ಪಾಳಿ ಬಂದಾಗ ಕೂಡ್ತೀಯಾ, ಬಾ. ಇಲ್ಲಾಂದ್ರೆ ಬರಬ್ಯಾಡ."

ಆ ಮಾತಿಗೆ ಬಂದಿದ್ದಾರೆ. ಇದು ಅವರ ಜೀವಮಾನದ ಮೊದಲ ಪಾಳಿ. ತುದಿಯಲ್ಲಿ ಇವತ್ತು ಇಪ್ಪತ್ತೆರಡರ ಸಹನಾ ಇದ್ದಾಳೆ. ಹತ್ತು ಗಂಟೆಯ ಹೊತ್ತಿಗೆ ಅವಳ ಕೈ ಸ್ವಲ್ಪ ಅವಸರವಾದಂತೆ ಕಾಣುತ್ತದೆ. ಚೌಡವ್ವ ಅರ್ಧ ಎದ್ದೇಬಿಡುತ್ತಾರೆ. "ಕೂಡೇ!" ಎಂದು ಕೆಸರಿನಿಂದ ಮಾರೆಮ್ಮನ ಕೂಗು. ಕೂರುತ್ತಾರೆ. ಎಷ್ಟೋ ದಿನದ ಮೇಲೆ ಒಂದು ಹಾಡು ಎತ್ತಿಕೊಡುತ್ತಾರೆ, ನಿಧಾನದ ಹಾಡು. ಸಹನಾಳ ಕೈ ಆ ನಿಧಾನಕ್ಕೆ ಇಳಿಯುತ್ತದೆ, ಅವಳ ಹಿಂದೆ ಇಡೀ ಸಾಲು.

ಮರುದಿನ ಬೆಳಿಗ್ಗೆ ಪಕ್ಕದ ಗದ್ದೆಗೆ ಹೊರಟ ಆಟೊ ಇಲ್ಲೇ ಒಂದು ನಿಮಿಷ ನಿಲ್ಲುತ್ತದೆ. ರೇವಣ್ಣ ಆಗಲೇ ನೀರು ಬಿಟ್ಟಿದ್ದಾರೆ. ಚೌಡವ್ವ ಇಳಿದು ಬದುವಿನುದ್ದಕ್ಕೂ, ಹೋದ ಸಲ ಸಸಿ ಗುಡ್ಡೆ ಬಿದ್ದ ಆ ಮೂಲೆಯವರೆಗೆ ನಡೆಯುತ್ತಾರೆ. ಅಲ್ಲಿ ಒಂದಿಷ್ಟು ನೊರೆ, ಎರಡು ಹುಲ್ಲುಕಡ್ಡಿ. ಸಸಿ ಒಂದೂ ಇಲ್ಲ.

"ಒಂದೂ ಎದ್ದಿಲ್ಲ ನೋಡ್ರವ್ವ" ಎನ್ನುತ್ತಾರೆ ರೇವಣ್ಣ. ಮಷೀನಿನ ಮಾತು ಎತ್ತುವುದಿಲ್ಲ.

ಚೌಡವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ನಗುತ್ತಾರೆ. "ಸಸಿ ಬಿಡ್ರಿ, ಅವು ನಿಲ್ತಾವೆ. ಇಪ್ಪತ್ತೇಳು ವರ್ಷ ಬಗ್ಗಿ ಬಗ್ಗಿ ಇವರ ನಗು ಬರೇ ಕೇಳಿದ್ದೆ. ನಿನ್ನೆ ಕೂತ್ಕೊಂಡು ಮುಖ ನೋಡ್ದೆ. ಎಷ್ಟ್ ಚೆಂದ ನಗ್ತಾರೆ ಅಂತೀರಿ! ಇನ್ನು ಹದಿಮೂರು ದಿನಕ್ಕೆ ಮತ್ತೆ ನನ್ನ ಪಾಳಿ ಬರ್ತದೆ. ಯಾರು ಕೇಳಿದ್ರೂ ಕೊಡಾಕಿಲ್ಲ."