ಓಯಾಸಾನ್ ಬಿಗಿಸಿದ ಪಟ್ಟಿ

ಕಳೆದ ಭಾನುವಾರ ಮಗಳ ಸೈಕಲ್ ತಳ್ಳಿಕೊಂಡು, ಟೋಕಿಯೋ ಪಕ್ಕದ ಇಚಿಕಾವಾದಲ್ಲಿ ನಮ್ಮ ಮನೆಯ ಹತ್ತಿರ ರೈಲು ಸೇತುವೆಯ ಕೆಳಗಿರುವ ರಿಪೇರಿ ಅಂಗಡಿಗೆ ಹೋಗಿದ್ದೆ. ಬಾಗಿಲು ಸರಿಸುತ್ತಿದ್ದಂತೆ ಸೀಮೆಎಣ್ಣೆ ಸ್ಟೋವು, ಗ್ರೀಸು ಎರಡೂ ಬೆರೆತ ವಾಸನೆ ಮುಖಕ್ಕೆ ಬಡಿಯಿತು. ಮಗಳು ಮೂಗು ಮುಚ್ಚಿಕೊಂಡು “ಕುಸಾಯ್, ಅಮ್ಮ” ಎಂದಳು. ನಾರುತ್ತಿದೆ ಅಂತ. ನನಗೆ ಮಾತ್ರ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ಹನ್ನೊಂದು ವರ್ಷಗಳ ಹಿಂದೆ ಎರಡು ಚಳಿಗಾಲ ನಾನು ಉಸಿರಾಡಿದ್ದು ಇದೇ ವಾಸನೆಯನ್ನು...

ಆಗ ಬೆಂಗಳೂರಿನ ಕಂಪನಿಯೊಂದು ನನ್ನನ್ನು ಟೋಕಿಯೋದ ಶಿನಾಗಾವಾದಲ್ಲಿದ್ದ ಆಫೀಸಿಗೆ ಕಳಿಸಿತ್ತು. ಕಾರುಗಳ ಸಸ್ಪೆನ್ಷನ್ ಎಷ್ಟು ಅದುರುತ್ತದೆ ಎಂದು ಸೆನ್ಸರ್ ಹಚ್ಚಿ ಅಳೆಯುವುದು ನನ್ನ ಕೆಲಸ. ಚಳಿಗಾಲದ ಪರೀಕ್ಷೆಗಳು ನಡೆಯುತ್ತಿದ್ದದ್ದು ದೂರದ ಉತ್ತರದ ದ್ವೀಪ ಹೊಕ್ಕೈಡೋದಲ್ಲಿ. ಅಲ್ಲಿನ ಸಣ್ಣ ಊರೊಂದರಲ್ಲಿ, ಒಂದು ವರ್ಕ್‌ಶಾಪಿನ ಮೇಲಿನ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತು. ವರ್ಕ್‌ಶಾಪಿನ ಒಡತಿಯೇ ಮನೆಯ ಒಡತಿ. ಬಾಡಿಗೆ ಮನೆಯ ಒಡೆಯರನ್ನು ಜಪಾನಿನಲ್ಲಿ ಓಯಾಸಾನ್ ಎನ್ನುತ್ತಾರೆ. ನಾನೂ ಹಾಗೇ ಕರೆದೆ. ಅವರು ನನ್ನನ್ನು ಅರ್ಧ ತಮಾಷೆಗೆ, ಅರ್ಧ ಮರ್ಯಾದೆಗೆ, ಸೆನ್ಸೇ ಎನ್ನುತ್ತಿದ್ದರು. ಮೇಷ್ಟ್ರೇ ಅಂದ ಹಾಗೆ.

ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಮಾತು ಕಡಿಮೆ. ಟ್ರ್ಯಾಕ್ಟರು, ಹಿಮ ತೆಗೆಯುವ ಯಂತ್ರ, ಹಿಮದ ಮೇಲೆ ಬೈಕಿನಂತೆ ಓಡಿಸುವ ಸ್ನೋಮೊಬೈಲು ಎಲ್ಲವನ್ನೂ ಒಬ್ಬರೇ ಬಿಚ್ಚಿ ಜೋಡಿಸುತ್ತಿದ್ದರು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಇಪ್ಪತ್ತೆರಡರ ಮಗಳೊಬ್ಬಳು ಊರಿನ ಡೈರಿಯಲ್ಲಿ ಕೆಲಸ ಮಾಡುತ್ತಿದ್ದಳು. ಹತ್ತಿರದ ಕೆರೆ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆ ಸ್ನೋಮೊಬೈಲ್ ರೇಸು. ಎರಡೆರಡು ಗಾಡಿ, ನೇರ ಇನ್ನೂರು ಮೀಟರು, ಯಾರು ಮೊದಲು ಮುಟ್ಟುತ್ತಾರೋ ಅವರು. ದೊಡ್ಡ ಪಂದ್ಯವೇನಲ್ಲ, ಸುತ್ತಲಿನ ನಾಲ್ಕೂರಿನವರದು. ಮಗಳಿಗೆ ಅದೇ ಪ್ರಾಣ. ಗಾಡಿ ಸಿದ್ಧ ಮಾಡುವುದು ತಾಯಿ.

ಹೇಗೆ ಸಿದ್ಧ ಮಾಡುತ್ತಾರೆಂದು ಓಯಾಸಾನ್ ನನಗೆ ತೋರಿಸಿದರು. ಮುಂದೆ ಚಕ್ರದ ಬದಲಿಗಿರುವ ಎರಡು ಸ್ಕೀಗಳ ಕೆಳಗೆ ಬಚ್ಚಲುಮನೆಯ ಹಳೇ ತೂಕದ ಯಂತ್ರ ಒಂದೊಂದು. ಮಗಳು ಸೀಟಿನ ಮೇಲೆ ಕೂರಬೇಕು. ಭಾರ ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ನೋಡಿ ಸ್ಪ್ರಿಂಗು ಬಿಗಿಸಿ ಸಡಿಲಿಸುವುದು. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಗಾಡಿಯ ಹೊಟ್ಟೆಯ ಕೆಳಗಿನ ಒಂದು ದಪ್ಪ ಪಟ್ಟಿ. ಅದರಲ್ಲಿ ಐದು ತೂತು, ಒಂದರಿಂದ ಐದರ ಕಡೆ ಹೋದಷ್ಟೂ ಪಟ್ಟಿ ಉದ್ದ. ಬೋಲ್ಟನ್ನು ಯಾವ ತೂತಿಗೆ ಹಾಕುತ್ತೀರಿ ಅನ್ನುವುದರ ಮೇಲೆ ಓಟ ನಿಂತಿದೆ. ಪಟ್ಟಿ ಗಿಡ್ಡವಾದರೆ ಮೂತಿ ನೆಲ ಬಿಡುವುದಿಲ್ಲ, ಭಾರ ಹಿಂದಕ್ಕೆ ಹೋಗುವುದಿಲ್ಲ, ಹಿಂದೆ ಸುತ್ತುವ ರಬ್ಬರ್ ಟ್ರ್ಯಾಕಿನ ಮೊಳೆಗಳು ಕಚ್ಚದೆ ಐಸನ್ನು ಸುಮ್ಮನೆ ಪುಡಿ ಮಾಡುತ್ತವೆ. ಉದ್ದವಾದರೆ ಮೊಳೆ ಕಚ್ಚುತ್ತದೆ, ಗಾಡಿ ಹಾರುತ್ತದೆ. ತೀರ ಉದ್ದವಾದರೆ ಕುದುರೆ ಮುಂಗಾಲೆತ್ತಿದ ಹಾಗೆ ಮೂತಿ ಮೇಲೆದ್ದುಬಿಡುತ್ತದೆ.

ಮಗಳು ಆ ವರ್ಷ ಪ್ರತಿ ರೇಸಿನಲ್ಲೂ ಕೂದಲೆಳೆಯ ಅಂತರದಲ್ಲಿ ಸೋಲುತ್ತಿದ್ದಳು. ಹೊರಡುವ ಮೊದಲ ಹತ್ತು ಮೀಟರಿನಲ್ಲಿ ಹಿಂದೆ ಬಿದ್ದು, ಆಮೇಲೆ ಅಟ್ಟಿಸಿಕೊಂಡು ಹೋಗಿ, ಮುಟ್ಟುವಷ್ಟರಲ್ಲಿ ಗೆರೆ ಬಂದುಬಿಡುತ್ತಿತ್ತು. ಒಂದು ಮಧ್ಯಾಹ್ನ ಅವಳ ಅಭ್ಯಾಸದ ಓಟಕ್ಕೆ ನನ್ನ ಸೆನ್ಸರುಗಳನ್ನು ಹಚ್ಚಿದೆ. ಲ್ಯಾಪ್‌ಟಾಪಿನಲ್ಲಿ ಗೆರೆ ಸ್ಪಷ್ಟವಾಗಿತ್ತು. ಪಟ್ಟಿ ಅತಿ ಬಿಗಿಯಾಗಿತ್ತು, ಗಿಡ್ಡವಾಗಿತ್ತು. ಎರಡನೇ ತೂತಿನಲ್ಲಿದ್ದ ಬೋಲ್ಟು ಮೂರನೆಯದರಲ್ಲಿರಬೇಕಿತ್ತು. ಇಷ್ಟು ಅನುಭವದ ಕೈಗೆ ಇದು ಹೇಗೆ ತಿಳಿಯಲಿಲ್ಲ ಎಂದು ನನಗೆ ಆಶ್ಚರ್ಯ. ಶನಿವಾರ ಸಂಜೆ, ಮಗಳು ಡೈರಿಯಿಂದ ಬರುವ ಮುಂಚೆ, ಓಯಾಸಾನ್‌ಗೆ ಹೇಳಿದೆ. ಸರಿ ಎಂದರು. ಇಬ್ಬರೂ ಸೇರಿ ಬೋಲ್ಟು ಬದಲಾಯಿಸಿದೆವು.

ಮರುದಿನ ರೇಸು. ಬೆಳಿಗ್ಗೆ ಬಿಸಿನೀರಿಗೆಂದು ಕೆಳಗಿಳಿದರೆ, ಓಯಾಸಾನ್ ಸ್ಪ್ಯಾನರ್ ಹಿಡಿದು ಗಾಡಿಯ ಪಕ್ಕದಲ್ಲಿ ನೆಲಕ್ಕೆ ಒರಗಿದ್ದರು. ಬೋಲ್ಟನ್ನು ಮತ್ತೆ ಎರಡನೇ ತೂತಿಗೆ ಹಾಕುತ್ತಿದ್ದರು. ನನ್ನನ್ನು ನೋಡಿ ಮುಚ್ಚಿಡಲು ಹೋಗಲಿಲ್ಲ. ಬಿಗಿಸುವುದನ್ನು ಮುಗಿಸಿ, ಕೈ ಒರೆಸಿಕೊಂಡು, ಸ್ಟೂಲಿನ ಮೇಲೆ ಕೂತರು.

ಅವತ್ತು ಅವರು ಹೇಳಿದ್ದು ನಾಲ್ಕೈದು ವಾಕ್ಯ ಅಷ್ಟೇ. ಗಂಡನೂ ಇದೇ ಕೆರೆಯ ಮೇಲೆ ಓಡಿಸುತ್ತಿದ್ದ. ಗಾಡಿ ಸಿದ್ಧ ಮಾಡುತ್ತಿದ್ದವರು ಇವರೇ. ಒಂದು ದಿನ ಮೂತಿ ಮೇಲೆದ್ದು ಗಾಡಿ ಹಿಂದಕ್ಕೆ ಮಗುಚಿ ಅವನ ಬೆನ್ನಿನ ಮೇಲೆ ಬಿತ್ತು. ಆರು ವರ್ಷ ಹಾಸಿಗೆಯಲ್ಲಿದ್ದು ಹೋದ. ನಾನೇ ಆಕ್ಸಿಲರೇಟರ್ ಜಾಸ್ತಿ ಕೊಟ್ಟೆ ಎಂದು ಎಲ್ಲರಿಗೂ ಹೇಳುತ್ತಿದ್ದನಂತೆ, ಮಗಳಿಗೂ.

“ನಾಲ್ಕನೇ ತೂತಿಗೆ ಹಾಕಿದ್ದೆ, ಸೆನ್ಸೇ. ನಾನೇ, ಈ ಕೈಯಲ್ಲೇ” ಎಂದರು. ಆಮೇಲೆ, “ಅವಳಿಗೆ ಹೇಳಬೇಡಿ.”

ಮೂರನೇ ತೂತು ಅಪಾಯವಲ್ಲ, ನನ್ನ ಹತ್ತಿರ ಲೆಕ್ಕ ಇದೆ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿದೆ. ಆ ಮುಖದ ಮುಂದೆ ಯಾವ ಲೆಕ್ಕ ಹೇಳುವುದು... ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮಗಳು ಅವತ್ತೂ ಸೋತಳು, ಅರ್ಧ ಸ್ಕೀ ಉದ್ದದಲ್ಲಿ. ಹೆಲ್ಮೆಟ್ ತೆಗೆದು ನೇರ ನನ್ನ ಹತ್ತಿರ ಬಂದಳು. ಓಯಾಸಾನ್ ಮೂರು ಹೆಜ್ಜೆ ಆಚೆ ನಿಂತು ಫ್ಲಾಸ್ಕಿನಿಂದ ಸೂಪು ಬಗ್ಗಿಸುತ್ತಿದ್ದರು.

“ನಿಮ್ಮ ಕಂಪ್ಯೂಟರ್ ಏನು ಹೇಳುತ್ತೆ? ತಪ್ಪು ಗಾಡಿದಾ, ನಂದಾ?” ಎಂದು ಕೇಳಿದಳು. ಸಾಮಾನ್ಯವಾಗಿ ಮೆಲ್ಲಗೆ ಮಾತಾಡುವ ಹುಡುಗಿ ಅವತ್ತು ಜೋರಾಗಿಯೇ ಕೇಳಿದಳು.

ಓಯಾಸಾನ್ ತಲೆ ಎತ್ತಲಿಲ್ಲ. ಸೂಪು ಕಪ್ಪಿನ ಅಂಚು ದಾಟಿ ಕೈಗವಸಿನ ಮೇಲೆ ಸುರಿಯುತ್ತಿತ್ತು.

“ಡೇಟಾ ಸರಿಯಾಗಿ ಬಂದಿಲ್ಲ. ಸುಮಿಮಾಸೆನ್” ಎಂದು ಕ್ಷಮೆ ಕೇಳಿದೆ.

ಅವಳು ನನ್ನನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದಳು. ಆಮೇಲೆ ಅರಿಗಾತೋ ಎಂದು ಥ್ಯಾಂಕ್ಸ್ ಹೇಳಿ, ತಲೆ ಬಾಗಿಸಿ ಗಾಡಿಯ ಕಡೆ ಹೋದಳು.

ಮನಸ್ಸು ತಡೆಯದೆ ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಎಲ್ಲ ಹೇಳಿಕೊಂಡೆ. “ಅದು ತಾಯಿ ಮಗಳ ವಿಷಯ ಕಣೆ. ಬಾಡಿಗೆಗಿರೋಳು ನೀನ್ಯಾಕೆ ಮಧ್ಯ ಹೋಗ್ತೀಯ?” ಎಂದಳು ಅಮ್ಮ. ಆ ಮಾತನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಮುಂದಿನ ಚಳಿಗಾಲ ಮಗಳು ಒಂದೇ ರೇಸು ಓಡಿದಳು. ಅದೂ ಹಾಗೇ ಆಯಿತು. ಇನ್ನು ಸಾಕು ಎಂದು ಗಾಡಿಗೆ ಟಾರ್ಪಾಲಿನ್ ಹೊದಿಸಿ, ಸಪ್ಪೊರೋ ನಗರದಲ್ಲಿ ಆಫೀಸ್ ಕೆಲಸ ಹುಡುಕಿಕೊಂಡು ಹೊರಟುಹೋದಳು. ಓಯಾಸಾನ್ ಬಯಸಿದ್ದೇ ಆಗಿತ್ತು, ಮಗಳು ರೇಸು ಬಿಟ್ಟಿದ್ದಳು. ಆದರೆ ಆ ಇಡೀ ತಿಂಗಳು ಅವರು ಸರಿಯಾಗಿ ಉಂಡಿದ್ದನ್ನು ನಾನು ನೋಡಲಿಲ್ಲ. ನಾನು ಸಾಮಾನು ಕಟ್ಟಿ ಹೊರಟ ದಿನ ಬಸ್ ನಿಲ್ದಾಣದವರೆಗೂ ಬಂದರು.

“ತನಗೆ ಬರಲ್ಲ ಅಂದುಕೊಂಡು ಹೋದಳು, ಸೆನ್ಸೇ. ಅವಳಿಗೆ ಚೆನ್ನಾಗಿ ಬರುತ್ತೆ” ಎಂದರು.

ಹಾಗಾದರೆ ನೀವೇ ಹೇಳಿಬಿಡಿ ಎಂದೆ. ಪಟ್ಟಿಯ ವಿಷಯ ಹೇಳಿದರೆ ಯಾಕೆ ಎಂದು ಕೇಳುತ್ತಾಳೆ, ಅಲ್ಲಿಂದ ಅವಳ ಅಪ್ಪನವರೆಗೂ ಹೋಗಬೇಕಾಗುತ್ತದೆ, ಅಷ್ಟು ದೂರ ತನ್ನಿಂದ ಆಗುವುದಿಲ್ಲ ಎಂದರು. ಬಸ್ಸು ಬಂತು. ಅವರು ಬಗ್ಗಿ ನಮಸ್ಕರಿಸಿದವರು ಬಸ್ಸು ತಿರುವು ದಾಟುವವರೆಗೂ ತಲೆ ಎತ್ತಲಿಲ್ಲ...

ಆಮೇಲೆ ನನಗೆ ಮದುವೆಯಾಯಿತು, ಇಚಿಕಾವಾಕ್ಕೆ ಬಂದೆವು, ಮಗಳು ಹುಟ್ಟಿದಳು. ಓಯಾಸಾನ್‌ರಿಂದ ಪ್ರತಿ ಹೊಸವರ್ಷಕ್ಕೂ ಒಂದು ಕಾರ್ಡು ಬರುತ್ತಿತ್ತು. ನಾನೂ ಕಳಿಸುತ್ತಿದ್ದೆ. ಯಾರೂ ಕಾರ್ಡಿನಲ್ಲಿ ಅದನ್ನೆಲ್ಲ ಬರೆಯುವುದಿಲ್ಲ. ಈ ವರ್ಷ ಕಾರ್ಡು ಬರಲಿಲ್ಲ. ಸ್ವಲ್ಪ ದಿನದ ಮೇಲೆ ಅವರ ಮಗಳ ಫೋನ್ ಬಂತು. ವಿಳಾಸದ ಪುಸ್ತಕದಲ್ಲಿ ನನ್ನ ನಂಬರು ಸಿಕ್ಕಿತಂತೆ. ಅಮ್ಮ ಹೋದರು, ಹೃದಯದ ತೊಂದರೆ, ವರ್ಕ್‌ಶಾಪ್ ಖಾಲಿ ಮಾಡುತ್ತಿದ್ದೇನೆ ಎಂದಳು.

ಸಂತಾಪದ ಮಾತು ಮುಗಿದ ಮೇಲೂ ನನಗೆ ಫೋನ್ ಇಡಲಾಗಲಿಲ್ಲ. ಅವತ್ತು ಡೇಟಾ ಸರಿಯಾಗಿಯೇ ಬಂದಿತ್ತು, ನಾನು ಸುಳ್ಳು ಹೇಳಿದೆ ಎಂದೆ.

“ಗೊತ್ತಿತ್ತು. ತೂತು ಎಣಿಸೋಕೆ ನನಗೂ ಬರುತ್ತೆ” ಎಂದಳು.

ಮತ್ತೆ ನೀನೇ ಯಾಕೆ ಬದಲಾಯಿಸಲಿಲ್ಲ ಎಂದು ಕೇಳಿದೆ.

“ಬದಲಾಯಿಸಿದ್ರೆ ಅಮ್ಮನಿಗೆ ಗೊತ್ತಾಗೋದು. ಆಮೇಲೆ ಇಬ್ಬರೂ ಮಾತಾಡಬೇಕು. ನಮ್ಮಿಬ್ಬರಿಗೂ ಅದು ಬರಲ್ಲ. ಅದಕ್ಕೇ ನಿಮ್ಮನ್ನ ಕೇಳಿದ್ದು, ಅಮ್ಮನಿಗೆ ಕೇಳಿಸೋ ಹಾಗೆ. ನೀವು ಹೇಳ್ತೀರ ಅಂದ್ಕೊಂಡಿದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅಮ್ಮ ಯಾಕೆ ಹಾಗೆ ಮಾಡುತ್ತಿದ್ದರು, ನಿಮಗೇನಾದರೂ ಹೇಳಿದ್ದರೇ ಎಂದು ಕೇಳಿದಳು. ಹೇಳಬೇಡಿ ಎಂದವರು ಈಗ ಇರಲಿಲ್ಲ. ನಾನು ಮಾತು ತಪ್ಪಿದೆ. ನಾಲ್ಕನೇ ತೂತಿನ ವಿಷಯವೆಲ್ಲ ಹೇಳಿದೆ.

ಆಮೇಲೆ ಅವಳು ಹೇಳಿದಳು: “ಅಪ್ಪನಿಗೆ ಊಟ ಮಾಡಿಸುವಾಗ ಅಮ್ಮ ಒಂದು ದಿನವೂ ಅವರ ಮುಖ ನೋಡ್ತಿರಲಿಲ್ಲ. ಅಪ್ಪನ ಸೇವೆ ಮಾಡಿ ಅಮ್ಮನಿಗೆ ಬೇಸತ್ತುಹೋಗಿದೆ ಅಂದ್ಕೊಂಡಿದ್ದೆ. ಅದಕ್ಕೆ ಅಮ್ಮನ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಕೊಂಡಿದ್ದೆ.”

ಥ್ಯಾಂಕ್ಸ್ ಹೇಳಿ ಅವಳೇ ಫೋನ್ ಇಟ್ಟಳು. ಮತ್ತೆ ಮಾಡಿಲ್ಲ. ನಾನೂ ಮಾಡಿಲ್ಲ, ಏನು ಹೇಳಲಿ.

ವರ್ಕ್‌ಶಾಪನ್ನು ಈ ಬೇಸಿಗೆಯಲ್ಲಿ ಕೆಡವುತ್ತಾರಂತೆ. ನಿಮ್ಮ ಮಗಳು ತನಗೆ ಬರಲ್ಲ ಅಂದುಕೊಂಡು ಹೋಗಲಿಲ್ಲ, ಅವಳಿಗೆ ಪಟ್ಟಿಯ ವಿಷಯ ಗೊತ್ತಿತ್ತು ಎಂದು ಓಯಾಸಾನ್‌ಗೆ ಒಂದು ಮಾತು ತಲುಪಿಸಬೇಕಿತ್ತು. ಅವರು ಬದುಕಿದ್ದ ಇಷ್ಟೂ ವರ್ಷ ನನಗೇ ಅದು ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ.